ಪರಿಚಯವಿಲ್ಲದ ಚರ್ಚಿನಲ್ಲಿ ಮೊದಲ ಭಾನುವಾರ

ಪ್ರೊಟೆಸ್ಟಂಟ್ ಸಭೆಯಲ್ಲಿ ಬೆಳೆದವರು ಮೊದಲ ಸಲ ಕಥೋಲಿಕರ ಮುಖ್ಯ ಆರಾಧನೆಯಾದ ಬಲಿಪೂಜೆಗೆ ಹೋದಾಗ ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. “ಪರಲೋಕದಲ್ಲಿರುವ ನಮ್ಮ ತಂದೆಯೇ” ಎಂದು ಕರ್ತನ ಪ್ರಾರ್ಥನೆಯನ್ನು ಎಲ್ಲರ ಜೊತೆ ಶುರು ಮಾಡಿ, ಕೇಡಿನಿಂದ ತಪ್ಪಿಸು ಎಂಬಲ್ಲಿಗೆ ಬಂದು, ಬಾಯಿಪಾಠದ ರಭಸಕ್ಕೆ “ರಾಜ್ಯವೂ ಬಲವೂ ಮಹಿಮೆಯೂ” ಎಂದು ಮುಂದೆ ಹೋಗಿಬಿಡುತ್ತಾರೆ. ಅಷ್ಟರಲ್ಲಿ ಸುತ್ತಲಿನವರೆಲ್ಲ ನಿಲ್ಲಿಸಿರುತ್ತಾರೆ. ಅಲ್ಲಿ ಗುರುಗಳು ನಡುವೆ ಒಂದು ಚಿಕ್ಕ ಪ್ರಾರ್ಥನೆ ಹೇಳುತ್ತಾರೆ, ಆಮೇಲೆಯೇ ಸಭೆ ಆ ಕೊನೆಯ ಸಾಲಿಗೆ ಬರುವುದು. ಕಥೋಲಿಕರು ಪ್ರೊಟೆಸ್ಟಂಟ್ ಆರಾಧನೆಗೆ ಹೋದರೆ ಇದೇ ತಿರುಗುಮುರುಗು: ಇವರು ನಿಲ್ಲಿಸಿ ಕಾಯುತ್ತಾರೆ, ಸಭೆ ನಿಲ್ಲುವುದೇ ಇಲ್ಲ. ಆ ಸಾಲು ಮತ್ತಾಯನ ಸುವಾರ್ತೆಯ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಸಿಗುವುದಿಲ್ಲ. ಆದರೆ ಡಿಡಖೆ ಎಂಬ ಆದಿಸಭೆಯ ಕೈಪಿಡಿಯಲ್ಲಿ ಅದರ ಗಿಡ್ಡ ರೂಪ ಪ್ರಾರ್ಥನೆಯ ಕೊನೆಗೇ ಇದೆ. ಹಾಗಾಗಿ ಸೇರಿಸಿ ಹೇಳುವವರಿಗೂ ಬಿಡಿಸಿ ಹೇಳುವವರಿಗೂ ಆಧಾರ ಉಂಟು.

ಇನ್ನೊಂದು ಸಂಪ್ರದಾಯದ ಚರ್ಚಿನಲ್ಲಿ ವಿಚಿತ್ರವಾಗಿ ಕಾಣುವ ಬಹುಪಾಲು ಸಂಗತಿಗಳಿಗೆ ಇಂಥದೊಂದು ಕಾರಣ ಇದ್ದೇ ಇರುತ್ತದೆ. ಆರಾಧನೆಯ ಕ್ರಮ ತಿಳಿದಿದ್ದರೆ ಆ ಕಾರಣ ತಾನಾಗಿ ಹೊಳೆಯುತ್ತದೆ. ತಿಳಿಯದೆ ಹೋದರೆ ಒಂದೂವರೆ ಗಂಟೆ ಏಳುವುದು ಕೂರುವುದರಲ್ಲೇ ಕಳೆದುಹೋಗುತ್ತದೆ.

ಆ ಕ್ರಮದ ಅಸ್ಥಿಪಂಜರ ಬಹಳ ಹಳೆಯದು. ಸುಮಾರು ಕ್ರಿ.ಶ. 155ರಲ್ಲಿ ಹುತಾತ್ಮ ಜಸ್ಟಿನ್ ರೋಮನ್ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಕ್ರೈಸ್ತರು ಭಾನುವಾರ ಏನು ಮಾಡುತ್ತಾರೆಂದು ವಿವರಿಸುತ್ತಾನೆ. ಅಪೊಸ್ತಲರ ಅಥವಾ ಪ್ರವಾದಿಗಳ ಬರಹಗಳನ್ನು ಸಮಯ ಇರುವಷ್ಟು ಓದುತ್ತಾರೆ. ಮುಖ್ಯಸ್ಥ ಅದರ ಮೇಲೆ ಬೋಧಿಸುತ್ತಾನೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರು ತರುತ್ತಾರೆ. ಮುಖ್ಯಸ್ಥ ಸ್ತೋತ್ರ ಸಲ್ಲಿಸುತ್ತಾನೆ, ಜನ “ಆಮೆನ್” ಅನ್ನುತ್ತಾರೆ, ಹಂಚಿಕೊಳ್ಳುತ್ತಾರೆ, ಬಾರದವರಿಗೂ ಕಳಿಸುತ್ತಾರೆ. ಇಷ್ಟವಿದ್ದವರು ಕೊಟ್ಟ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಊರಿಗೆ ಬಂದ ಪರಸ್ಥಳದವರಿಗೆ ಹೋಗುತ್ತದೆ. ಇವತ್ತಿನ ಕಥೋಲಿಕ, ಆರ್ಥೊಡಾಕ್ಸ್, ಆಂಗ್ಲಿಕನ್, ಲೂಥರನ್ ಆರಾಧನೆಗಳನ್ನು ಈ ಪಟ್ಟಿಯ ಪಕ್ಕ ಇಟ್ಟು ನೋಡಿದರೆ ಎಲ್ಲದರಲ್ಲೂ ಇದೇ ಮೂಳೆಗಳು. ಮೊದಲ ಅರ್ಧ ವಾಕ್ಯದ್ದು, ಅಂದರೆ ಓದು ಮತ್ತು ಬೋಧನೆ; ಎರಡನೆಯದು ಮೇಜಿನದ್ದು, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ. ಹೊಸಬರು ಒಂದೇ ಒಂದು ವಿಷಯ ತಿಳಿದುಕೊಂಡು ಹೋಗುವುದಾದರೆ ಈ ಎರಡು ಅರ್ಧಗಳನ್ನು ತಿಳಿದುಕೊಳ್ಳಲಿ.

ಇವುಗಳ ನಡುವೆ ಒಂದು ಕಾಲದಲ್ಲಿ ನಿಜವಾಗಿಯೇ ಬಾಗಿಲಿತ್ತು. ಸಭೆಗೆ ಸೇರುವ ನೀರಿನ ವಿಧಿಯಾದ ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದವರನ್ನೂ ಹೊರಗಿನವರನ್ನೂ ಬೋಧನೆ ಮುಗಿದ ಕೂಡಲೇ ಕಳಿಸಿಕೊಡುತ್ತಿದ್ದರು. ಆರ್ಥೊಡಾಕ್ಸ್ ದಿವ್ಯಾರಾಧನೆಯಲ್ಲಿ ವಿಶ್ವಾಸ ಪ್ರಮಾಣ ಹೇಳುವ ಮುಂಚೆ ಧರ್ಮಸೇವಕ ಇಂದಿಗೂ “ಬಾಗಿಲುಗಳು! ಬಾಗಿಲುಗಳು!” ಎಂದು ಕೂಗುತ್ತಾನೆ. ಈಗ ಅತಿಥಿಗಳನ್ನು ಸಾಮಾನ್ಯವಾಗಿ ಹೊರಗೆ ಕಳಿಸುವುದಿಲ್ಲ, ಹೊಸಬರು ಕೊನೆಯವರೆಗೆ ಕೂತಿರಬಹುದು. ಆದರೂ ಮೊದಲ ಅರ್ಧದಲ್ಲಿ ಎಷ್ಟು ಬೇಕಾದರೂ ದನಿಗೂಡಿಸಬಹುದಾದವರು ಎರಡನೆಯ ಅರ್ಧದಲ್ಲಿ ಯಾಕೆ ಒಂದು ಹೆಜ್ಜೆ ಹಿಂದೆ ನಿಲ್ಲಬೇಕಾಗುತ್ತದೆ ಎಂಬುದಕ್ಕೆ ಉತ್ತರ ಆ ಹಳೆಯ ಬಾಗಿಲಲ್ಲಿದೆ.

ದಿನದ ಆಯ್ಕೆಯಲ್ಲೇ ಹಲವರು ತಪ್ಪುತ್ತಾರೆ. ಕ್ರಿಸ್ಮಸ್, ಶುಭ ಶುಕ್ರವಾರ, ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆ ಇವೆಲ್ಲ ಸುಂದರ, ಆದರೆ ಚರ್ಚಿನ ದಿನನಿತ್ಯದ ಮುಖ ಅಲ್ಲಿ ಕಾಣುವುದಿಲ್ಲ. ಶುಭ ಶುಕ್ರವಾರ ಕಥೋಲಿಕರಲ್ಲಿ ಬಲಿಪೂಜೆಯೇ ಇಲ್ಲ. ಗುರುಗಳು ಮೌನವಾಗಿ ಬಂದು ನೆಲಕ್ಕೆ ಅಡ್ಡಬೀಳುವುದರಿಂದ ಆರಾಧನೆ ಶುರುವಾಗುತ್ತದೆ, ಪರಮಪ್ರಸಾದ, ಅಂದರೆ ಪವಿತ್ರಗೊಳಿಸಿದ ರೊಟ್ಟಿ, ಹಿಂದಿನ ದಿನ ಕಾದಿಟ್ಟದ್ದು. ಮೊದಲ ಭೇಟಿಗೆ ಒಂದು ಸಾಮಾನ್ಯ ಭಾನುವಾರ ಸಾಕು. ಗುರುಗಳ ಮೇಲುಡುಪು ಹಸಿರಾಗಿದ್ದರೆ ಅದು ಸಾಮಾನ್ಯ ಕಾಲ. ನೇರಳೆ ಇದ್ದರೆ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಇಲ್ಲವೇ ಈಸ್ಟರಿಗೆ ಮುಂಚಿನ ತಪಸ್ಸುಕಾಲ. ಆಗ ಭಾನುವಾರದ ಮಹಿಮಾಗೀತೆ ಇರುವುದಿಲ್ಲ, ತಪಸ್ಸುಕಾಲದಲ್ಲಿ “ಅಲ್ಲೆಲೂಯ” ಕೂಡ ಕೇಳಿಸದು. ಸೆವೆಂತ್ ಡೇ ಅಡ್ವೆಂಟಿಸ್ಟರ ಆರಾಧನೆ ಶನಿವಾರ, ಭಾನುವಾರ ಹೋದರೆ ಬೀಗ ಕಾಣುತ್ತದೆ.

ಓದಿಕೊಂಡು ಹೋಗಲು ಸುಲಭದ ದಾರಿಯಿದೆ. ಕಥೋಲಿಕರ ಭಾನುವಾರದ ವಾಚನಗಳು 3 ವರ್ಷದ ಸುತ್ತಿನಲ್ಲಿ ಬರುತ್ತವೆ: ಒಂದು ವರ್ಷ ಮತ್ತಾಯ, ಮುಂದಿನ ವರ್ಷ ಮಾರ್ಕ, ಅದರ ಮುಂದಿನದು ಲೂಕ. ಯೋಹಾನನದು ಹೆಚ್ಚಾಗಿ ಈಸ್ಟರ್ ಆಸುಪಾಸಿನಲ್ಲಿ. ಇದೇ ಸುತ್ತಿನ ಆಧಾರದ ಮೇಲೆ 1992ರಲ್ಲಿ ಬಂದ ಪರಿಷ್ಕೃತ ವಾಚನಪಟ್ಟಿಯನ್ನು ಅನೇಕ ಆಂಗ್ಲಿಕನ್, ಲೂಥರನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಸಭೆಗಳು ಬಳಸುತ್ತವೆ. ಹೀಗಾಗಿ ಒಂದೇ ಭಾನುವಾರ ಬೇರೆಬೇರೆ ಸಭೆಗಳಲ್ಲಿ ಬಹಳ ಸಲ ಒಂದೇ ಸುವಾರ್ತೆ ಓದುತ್ತಾರೆ. ಹಿಂದಿನ ರಾತ್ರಿ ಆ ಭಾಗವನ್ನು ಮನೆಯಲ್ಲೇ ಒಮ್ಮೆ ಓದಿಕೊಂಡರೆ ಪ್ರಸಂಗ ಎಲ್ಲಿ ಪಾಠಕ್ಕೆ ಅಂಟಿಕೊಂಡಿದೆ, ಎಲ್ಲಿ ಬಿಟ್ಟು ಹೋಗಿದೆ ಎಂಬುದು ಕೂತಲ್ಲೇ ತಿಳಿಯುತ್ತದೆ. ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

15 ನಿಮಿಷ ಮುಂಚೆ ತಲುಪಿ. ಉಡುಪಿನ ವಿಷಯದಲ್ಲಿ ಭುಜ, ಮೊಣಕಾಲು ಮುಚ್ಚಿದ್ದರೆ ಎಲ್ಲೂ ತೊಂದರೆಯಿಲ್ಲ. ಗಂಡಸರು ಟೋಪಿ ತೆಗೆಯುತ್ತಾರೆ. ರಷ್ಯನ್ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಹೆಂಗಸರು ತಲೆವಸ್ತ್ರ ಹಾಕುತ್ತಾರೆ. ಪಾದರಕ್ಷೆಯ ಬಗ್ಗೆ ಒಂದೇ ನಿಯಮ ಹೇಳಲಾಗದು. ಇಥಿಯೋಪಿಯನ್ ಆರ್ಥೊಡಾಕ್ಸರು ಬಿಚ್ಚಿಯೇ ಒಳಗೆ ಹೋಗುವುದು, ಪಾಶ್ಚಾತ್ಯ ದೇಶಗಳ ಚರ್ಚುಗಳಲ್ಲಿ ಸಾಮಾನ್ಯವಾಗಿ ಬಿಚ್ಚುವುದಿಲ್ಲ. ಹೊಸ್ತಿಲ ಬಳಿ ಚಪ್ಪಲಿ ಸಾಲಿದೆಯೇ ನೋಡಿದರೆ ಮುಗಿಯಿತು.

ಎಲ್ಲಿ ಕೂರುವುದು? ಮುಂದಿನ ಸಾಲು ಬೇಡ, ಯಾವಾಗ ಏಳಬೇಕೆಂದು ತೋರಿಸಲು ಮುಂದೆ ಯಾರೂ ಇರುವುದಿಲ್ಲ. ತೀರಾ ಕೊನೆಯ ಸಾಲೂ ಬೇಡ, ಅಲ್ಲಿ ತಡವಾಗಿ ಬಂದವರು, ಅಳುವ ಮಕ್ಕಳನ್ನು ಎತ್ತಿಕೊಂಡು ಓಡಾಡುವವರು ಇರುತ್ತಾರೆ. ಮೂರರಲ್ಲಿ ಎರಡು ಪಾಲು ಹಿಂದೆ, ಸಾಲಿನ ಒಳಭಾಗದಲ್ಲಿ ಕೂತರೆ ಒಳ್ಳೆಯದು. ದಾರಿಯ ಪಕ್ಕದ ತುದಿಯಲ್ಲಿ ಕೂತರೆ ಪ್ರಸಾದಕ್ಕೆ ಇಡೀ ಸಾಲು ನಿಮ್ಮನ್ನು ದಾಟಿಯೇ ಹೊರಬರಬೇಕಾಗುತ್ತದೆ. ಕುರ್ಚಿಯ ಕೆಳಗೆ ಮಡಚುವ ಹಲಗೆಯಿದ್ದರೆ ಅದು ಮೊಣಕಾಲೂರಲು, ಕಾಲಿಡಲು ಅಲ್ಲ. ಮೊಣಕಾಲೂರಲು ಆಗದಿದ್ದರೆ, ಇಲ್ಲವೇ ಮನಸ್ಸು ಒಪ್ಪದಿದ್ದರೆ, ಕೂತೇ ಇರಿ. ಆದರೆ ಸ್ವಲ್ಪ ಮುಂದೆ ಬಾಗಿ ಕೂರಿ, ಹಿಂದಿನ ಸಾಲಿನವರ ಕೈ ನಿಮ್ಮ ಬೆನ್ನೊರಗಿನ ಮೇಲೆ ಬರುತ್ತದೆ.

ಗೋಡೆಯ ಮೇಲಿನ ಹಲಗೆಯಲ್ಲಿ ಅಂಕಿಗಳಿರುತ್ತವೆ. ಅವು ಹಾಡಿನ ಸಂಖ್ಯೆ, ಪುಟದ ಸಂಖ್ಯೆಯಲ್ಲ. ಕೈಗೆ ಎರಡು ಪುಸ್ತಕ ಕೊಟ್ಟರೆ ಒಂದು ಹಾಡಿನದು, ಇನ್ನೊಂದು ಆರಾಧನಾ ಕ್ರಮದ್ದು. ಕ್ರಮದ ಪುಸ್ತಕದಲ್ಲಿ ದಪ್ಪಕ್ಷರದಲ್ಲಿರುವುದನ್ನು ಸಾಮಾನ್ಯವಾಗಿ ಸಭೆ ಹೇಳುತ್ತದೆ. ಜಾಗ ತಪ್ಪಿದರೆ ಪುಟ ಮಗುಚುತ್ತಾ ಹುಡುಕಬೇಡಿ. ಪುಸ್ತಕ ಮುಚ್ಚಿ ಕೇಳಿಸಿಕೊಳ್ಳಿ, ಮುಂದಿನ ಹಾಡಿಗೆ ಮತ್ತೆ ಸೇರಿಕೊಳ್ಳಬಹುದು. ಸುವಾರ್ತೆ ಓದುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ, ಉಳಿದ ವಾಚನಗಳಿಗೆ ಕೂರುತ್ತಾರೆ. ಕಥೋಲಿಕರು ಆಗ ಹೆಬ್ಬೆರಳಿನಿಂದ ಹಣೆ, ತುಟಿ, ಎದೆಯ ಮೇಲೆ ಪುಟ್ಟ ಶಿಲುಬೆ ಹಾಕಿಕೊಳ್ಳುತ್ತಾರೆ. ಅದನ್ನು ನೀವು ಮಾಡಬೇಕೆಂದೇನಿಲ್ಲ. ಎದ್ದು ನಿಲ್ಲುವುದು ಗೌರವ, ಶಿಲುಬೆಯ ಗುರುತು ವಿಶ್ವಾಸದ ಮಾತು. ಅತಿಥಿ ಮೊದಲನೆಯದನ್ನು ಕೊಟ್ಟರೆ ಸಾಕು.

ಸಮಾಧಾನದ ವಿನಿಮಯಕ್ಕೆ ಹೊಸಬರು ಸಿದ್ಧರಿರುವುದಿಲ್ಲ. ಇದ್ದಕ್ಕಿದ್ದಂತೆ ಅಕ್ಕಪಕ್ಕದವರು ತಿರುಗಿ ಕೈ ಚಾಚುತ್ತಾರೆ, ಇಲ್ಲವೇ ಕೈಮುಗಿಯುತ್ತಾರೆ. ಅವರು ಮಾಡಿದಂತೆಯೇ ಮರಳಿ ಮಾಡಿದರಾಯಿತು. ಇದು ಎಲ್ಲಿ ಬರುತ್ತದೆ ಎಂಬುದು ಗಮನಿಸುವಂಥದ್ದು. ಆಂಗ್ಲಿಕನ್ ಕ್ರಮದಲ್ಲಿ ಹೆಚ್ಚಾಗಿ ಕಾಣಿಕೆಗೆ ಮುಂಚೆ, ಯಾಕೆಂದರೆ ಮತ್ತಾಯ 5:23-24ರಲ್ಲಿ ಯೇಸು ಮೊದಲು ಸಹೋದರನೊಂದಿಗೆ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು ಅನ್ನುತ್ತಾನೆ. ಕಥೋಲಿಕರಲ್ಲಿ ಕರ್ತನ ಪ್ರಾರ್ಥನೆ ಆದ ಮೇಲೆ, ಪರಮಪ್ರಸಾದಕ್ಕೆ ತುಸು ಮುಂಚೆ. ಒಂದೇ ಕೈಕುಲುಕು ಒಂದು ಕಡೆ ಕಾಣಿಕೆಯ ಹೊಸ್ತಿಲಲ್ಲಿ, ಇನ್ನೊಂದು ಕಡೆ ಊಟದ ಹೊಸ್ತಿಲಲ್ಲಿ ನಿಂತಿದೆ.

ಕಾಣಿಕೆಯ ತಟ್ಟೆ ಬಂದರೆ ಮುಂದಕ್ಕೆ ದಾಟಿಸಿ. ಅತಿಥಿ ಹಾಕದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಈಗ ಮೇಜಿನ ವಿಷಯ. ಒಳ್ಳೆಯ ಮನಸ್ಸಿನಿಂದ ಹೋದವರೂ ಇಲ್ಲೇ ನೋವು ಮಾಡುತ್ತಾರೆ, ಇಲ್ಲೇ ನೋವು ಪಡುತ್ತಾರೆ.

ಕಥೋಲಿಕರಲ್ಲಿ ಪರಮಪ್ರಸಾದ ಸಾಮಾನ್ಯವಾಗಿ ಕಥೋಲಿಕರಿಗೆ ಮಾತ್ರ, ಅವರೂ ಸ್ವೀಕರಿಸುವ ಮುಂಚೆ ಕನಿಷ್ಠ ಒಂದು ಗಂಟೆ ಉಪವಾಸ ಇರುತ್ತಾರೆ. ಆರ್ಥೊಡಾಕ್ಸರಲ್ಲಿ ಆರ್ಥೊಡಾಕ್ಸ್ ಸದಸ್ಯರಿಗೆ ಮಾತ್ರ, ಅವರೂ ಉಪವಾಸವಿದ್ದು ಸಿದ್ಧರಾಗಿ ಬರುತ್ತಾರೆ. ಅನೇಕ ಆಂಗ್ಲಿಕನ್ ಸಭೆಗಳು ಯಾವುದೇ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರನ್ನು ಕರೆಯುತ್ತವೆ. ಲೂಥರನ್ನರಲ್ಲಿ ಎರಡೂ ಬಗೆ ಉಂಟು: ಕೆಲವು ಸಭೆಗಳ ಮೇಜು ತೆರೆದಿದೆ, ಕೆಲವು ತಮ್ಮ ಬೋಧನೆಯನ್ನು ಒಪ್ಪಿದವರಿಗಷ್ಟೇ ಕೊಡುತ್ತವೆ. ಮೆಥೊಡಿಸ್ಟರಲ್ಲಿ ಮೇಜು ಬಹುಮಟ್ಟಿಗೆ ಎಲ್ಲರಿಗೂ ತೆರೆದದ್ದು. ಆರಾಧನಾ ಕ್ರಮದ ಹಾಳೆಯಲ್ಲಿ ಇದನ್ನು ಬರೆದಿರುತ್ತಾರೆ, ಇಲ್ಲವೇ ಪ್ರಸಾದಕ್ಕೆ ಮುಂಚೆ ಹೇಳುತ್ತಾರೆ. ಎರಡೂ ಇಲ್ಲದಿದ್ದರೆ ಬಾಗಿಲಲ್ಲಿ ನಿಂತ ಸ್ವಯಂಸೇವಕರನ್ನು ಮುಂಚೆಯೇ ಕೇಳಿ. ಸಾಲಿನಲ್ಲಿ ನಿಂತ ಮೇಲೆ ಕೇಳುವುದು ಎಲ್ಲರಿಗೂ ಕಷ್ಟ.

“ನನ್ನನ್ನು ಹೊರಗಿಟ್ಟರು” ಎಂಬ ಬೇಸರ ಸಹಜ. ಆದರೆ ಮುಚ್ಚಿದ ಮೇಜಿನ ಹಿಂದಿನ ತರ್ಕ ಬೇರೆ. ಆ ರೊಟ್ಟಿಯನ್ನು ಸ್ವೀಕರಿಸಿ “ಆಮೆನ್” ಅಂದರೆ ಇದು ಕ್ರಿಸ್ತನ ಶರೀರ ಎಂದೂ, ಈ ಸಭೆಯ ವಿಶ್ವಾಸ ನನ್ನದೂ ಎಂದೂ ಎಲ್ಲರ ಮುಂದೆ ಒಪ್ಪಿಕೊಂಡಂತೆ. ಒಪ್ಪದವರ ಬಾಯಲ್ಲಿ ಆ ಮಾತು ಹಾಕಿಸಬಾರದೆಂದು ಅವರು ತಡೆಯುತ್ತಾರೆ. ತೆರೆದ ಮೇಜಿನವರ ತರ್ಕವೂ ಅಷ್ಟೇ ಗಟ್ಟಿ: ಕರೆದವನು ಕರ್ತ, ಅತಿಥಿಗಳ ಪಟ್ಟಿ ಮಾಡಲು ನಾವು ಯಾರು? ಎರಡನ್ನೂ ಅವರವರ ಮಾತಿನಲ್ಲೇ ಕೇಳಿಸಿಕೊಂಡರೆ ಬೇಸರ ಅರ್ಧ ಇಳಿಯುತ್ತದೆ.

ಸ್ವೀಕರಿಸದವರು ಕೂತೇ ಇರಬಹುದು, ಸಾಲಿನವರು ದಾಟಲು ಕಾಲು ಸರಿಸಿಕೊಂಡರೆ ಸಾಕು. ಕಥೋಲಿಕ, ಆಂಗ್ಲಿಕನ್ ಚರ್ಚುಗಳಲ್ಲಿ ಅನೇಕ ಕಡೆ ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು ಮುಂದೆ ಹೋದರೆ ಪ್ರಸಾದದ ಬದಲು ಆಶೀರ್ವಾದ ಕೊಡುತ್ತಾರೆ. ಇದನ್ನೇ ಕಲಿತುಕೊಂಡು ಆರ್ಥೊಡಾಕ್ಸ್ ಚರ್ಚಿಗೆ ಹೋದವರು ಎಚ್ಚರ ವಹಿಸಬೇಕು. ಅಲ್ಲಿ ಎದೆಯ ಮೇಲೆ ಕೈ ಅಡ್ಡ ಇಟ್ಟು ಬರುವವರೇ ಪ್ರಸಾದ ಸ್ವೀಕರಿಸುವವರು! ಅದೇ ಮುದ್ರೆಗೆ ಅಲ್ಲಿ ನೇರ ಎದುರಿನ ಅರ್ಥ, ಚಮಚ ಬಾಯಿಯ ಹತ್ತಿರ ಬಂದಾಗ ಗೊತ್ತಾಗುತ್ತದೆ. ಅಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಪಾತ್ರೆಯಿಂದ ಚಮಚದಲ್ಲಿ ಒಟ್ಟಿಗೇ ಕೊಡುತ್ತಾರೆ. ಆರಾಧನೆಯ ಕೊನೆಗೆ ಹಂಚುವ ರೊಟ್ಟಿಯ ತುಂಡುಗಳದು ಬೇರೆ ಲೆಕ್ಕ. ಅದು ಆಂಟಿಡೋರೋನ್, “ಕೊಡುಗೆಯ ಬದಲಿಗೆ” ಎಂದು ಅರ್ಥ. ಅದು ಆಶೀರ್ವದಿಸಿದ ರೊಟ್ಟಿ, ಪರಮಪ್ರಸಾದವಲ್ಲ. ಬಹಳ ಕಡೆ ಅತಿಥಿಗಳಿಗೂ ಕೊಡುತ್ತಾರೆ. ಕೊಟ್ಟರೆ ತೆಗೆದುಕೊಳ್ಳಿ, ಪುಡಿ ನೆಲಕ್ಕೆ ಬೀಳದಂತೆ ಅಂಗೈಯನ್ನು ಬಟ್ಟಲು ಮಾಡಿ ಹಿಡಿಯಿರಿ.

ಗೊತ್ತಿಲ್ಲದೆ ಕಥೋಲಿಕ ಪ್ರಸಾದ ಕೈಗೆ ಬಂದುಬಿಟ್ಟರೆ ಜೇಬಿಗೆ ಹಾಕಬೇಡಿ, ಜಾಗಕ್ಕೂ ಒಯ್ಯಬೇಡಿ. ಸ್ವೀಕರಿಸಿದವರು ಕೊಟ್ಟ ಜಾಗದಲ್ಲೇ ತಿನ್ನಬೇಕೆಂಬುದು ನಿಯಮ. ಕೈಯಲ್ಲಿ ಹಿಡಿದು ನಡೆದರೆ ಯಾರಾದರೂ ಹಿಂದೆಯೇ ಬಂದು ಕೇಳುತ್ತಾರೆ. ಅಲ್ಲೇ “ನಾನು ಕಥೋಲಿಕ ಅಲ್ಲ” ಎಂದು ಗುರುಗಳಿಗೆ ಮರಳಿ ಕೊಟ್ಟರೆ ಯಾವ ಗದ್ದಲವೂ ಇಲ್ಲ.

ಪ್ರೆಸ್ಬಿಟೇರಿಯನ್, ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಪ್ರಭು ಭೋಜನ ಹಲವು ಕಡೆ ಪ್ರತಿವಾರ ಇರದು. ಇದ್ದ ದಿನ ತಟ್ಟೆಯೇ ಸಾಲುಗಳ ನಡುವೆ ಬರುತ್ತದೆ: ರೊಟ್ಟಿಯ ಚೂರುಗಳು, ಆಮೇಲೆ ಪುಟ್ಟ ಪುಟ್ಟ ಲೋಟಗಳು. ಕೈಗೆ ಬಂದ ಕೂಡಲೇ ಕುಡಿಯಬೇಡಿ, ಎಲ್ಲರೂ ಒಟ್ಟಿಗೆ ಕುಡಿಯಲು ಕಾಯುವುದು ವಾಡಿಕೆ. ಲೋಟದಲ್ಲಿರುವುದು ಹೆಚ್ಚಾಗಿ ಹುದುಗದ ದ್ರಾಕ್ಷಿ ರಸ. 1869ರಲ್ಲಿ ಥಾಮಸ್ ಬ್ರಾಮ್‌ವೆಲ್ ವೆಲ್ಚ್ ಎಂಬ ಮೆಥೊಡಿಸ್ಟ್ ದಂತವೈದ್ಯ ಪಾಶ್ಚರೀಕರಣದಿಂದ ರಸ ಹುಳಿಯದಂತೆ ಇಡುವುದನ್ನು ಸಾಧಿಸಿದ ಮೇಲೆಯೇ ಮದ್ಯವಿಲ್ಲದ ಪ್ರಭು ಭೋಜನ ವರ್ಷವಿಡೀ ಸುಲಭವಾದದ್ದು. ಒಬ್ಬೊಬ್ಬರಿಗೆ ಒಂದೊಂದು ಲೋಟ ಎಂಬುದು ರೋಗಾಣುಗಳ ಭಯದಿಂದ 1890ರ ದಶಕದಲ್ಲಿ ಹರಡಿದ ಪದ್ಧತಿ.

ಆರ್ಥೊಡಾಕ್ಸ್ ಚರ್ಚಿನ ಬಗ್ಗೆ ಇನ್ನೆರಡು ಮಾತು. ಅಲ್ಲಿ ಆರಾಧನೆ ಯಾವಾಗ ಶುರುವಾಯಿತೆಂದೇ ತಿಳಿಯುವುದಿಲ್ಲ, ಸರಿಯಾದ ಹೊತ್ತಿಗೆ ಹೋದರೂ ಒಳಗೆ ಹಾಡು ನಡೆಯುತ್ತಿರುತ್ತದೆ. ಅದು ಮುಂಚಿನ ಪ್ರಾತಃಪ್ರಾರ್ಥನೆ. “ತಂದೆಯ, ಮಗನ, ಪವಿತ್ರಾತ್ಮನ ರಾಜ್ಯಕ್ಕೆ ಸ್ತೋತ್ರ” ಎಂಬ ಘೋಷಣೆ ಕೇಳಿದಾಗ ದಿವ್ಯಾರಾಧನೆ ಶುರುವಾಯಿತೆಂದು ತಿಳಿಯಬೇಕು. ಅನೇಕ ಕಡೆ ನಿಂತೇ ಇರುತ್ತಾರೆ, ಗೋಡೆಯ ಪಕ್ಕದ ಆಸನಗಳು ಆಗದವರಿಗೆ, ಕೂತರೆ ತಪ್ಪೇನಿಲ್ಲ. ಸುವಾರ್ತೆ ಓದುವಾಗ, ಕಾಣಿಕೆಗಳನ್ನು ಮೆರವಣಿಗೆಯಲ್ಲಿ ತರುವಾಗ ಓಡಾಡಬಾರದು. ಧೂಪ ನಿಮ್ಮ ಕಡೆ ಬೀಸಿದರೆ ತಲೆ ತುಸು ಬಾಗಿಸುತ್ತಾರೆ. ಮೂರ್ತಿಚಿತ್ರಗಳಿಗೆ ಹಾಕುವ ಅದೇ ಧೂಪವನ್ನು ಜನರಿಗೂ ಹಾಕುವುದು ಮನುಷ್ಯನೂ ದೇವರ ಸ್ವರೂಪ ಎಂಬುದಕ್ಕೆ. ಒಂದು ಮಾತೂ ಇಲ್ಲದೆ ಇಷ್ಟು ದೊಡ್ಡದನ್ನು ಹೇಳುವ ಕ್ರಿಯೆ ಯಾವ ಆರಾಧನೆಯಲ್ಲೂ ಹೆಚ್ಚಿಲ್ಲ ಎಂದು ನನ್ನ ಅನಿಸಿಕೆ.

ಪೆಂಟೆಕೋಸ್ಟಲ್ ಸಭೆಯಲ್ಲಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಹಾಡೇ ಹಾಡು, ಕೈ ಎತ್ತಿ, ದನಿ ಎತ್ತಿ. ಕ್ರಮವಿಲ್ಲ ಎನಿಸಬಹುದು, ಆದರೆ ಉಂಟು: ಸ್ತುತಿಯ ಜೋರು ಹಾಡುಗಳಿಂದ ಆರಾಧನೆಯ ನಿಧಾನ ಹಾಡುಗಳಿಗೆ ಇಳಿಯುವುದೇ ಆ ಕ್ರಮ. ಪ್ರಸಂಗದ ಕೊನೆಗೆ ಸಭಾಪಾಲಕರು ಪ್ರಾರ್ಥನೆ ಬೇಕಾದವರನ್ನು ಮುಂದೆ ಕರೆಯುತ್ತಾರೆ, ಹೋಗಲೇಬೇಕೆಂದಿಲ್ಲ. ಅನ್ಯಭಾಷೆಯಲ್ಲಿ ಮಾತಾಡುವುದು ಕೇಳಿ ಬೆಚ್ಚಿದವರು 1 ಕೊರಿಂಥ 14ನೇ ಅಧ್ಯಾಯ ಓದಬೇಕು. ಹೊರಗಿನವನೊಬ್ಬ ಒಳಗೆ ಬಂದಾಗ ಎಲ್ಲರೂ ಅನ್ಯಭಾಷೆಯಲ್ಲೇ ಮಾತಾಡುತ್ತಿದ್ದರೆ ನಿಮಗೆ ಹುಚ್ಚು ಹಿಡಿದಿದೆ ಅನ್ನುವುದಿಲ್ಲವೇ ಎಂದು ಪೌಲ 23ನೇ ವಚನದಲ್ಲೇ ಕೇಳುತ್ತಾನೆ. ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬ ಅರ್ಥ ಹೇಳಲಿ ಎನ್ನುತ್ತಾನೆ. ಬಾಗಿಲಲ್ಲಿ ನಿಂತ ಅಪರಿಚಿತನ ಕಣ್ಣಿನಿಂದ ತನ್ನ ಆರಾಧನೆಯನ್ನು ನೋಡಿಕೊಳ್ಳುವುದನ್ನು ಸಭೆ ಅಷ್ಟು ಹಿಂದೆಯೇ ಕಲಿಯಬೇಕಾಗಿತ್ತು. ಯಾಕೋಬ 2:2-4 ಇನ್ನೊಂದು ಮಗ್ಗುಲು: ಚಿನ್ನದುಂಗುರದವನಿಗೆ ಒಳ್ಳೆಯ ಆಸನ, ಕೊಳಕು ಬಟ್ಟೆಯ ಬಡವನಿಗೆ ಕಾಲ ಬಳಿ ಜಾಗ ಕೊಡುತ್ತೀರಾ ಎಂಬ ಪ್ರಶ್ನೆ. ಯಾವ ಚರ್ಚಿನಲ್ಲಾದರೂ ಈ ಎರಡು ವಚನಗಳನ್ನು ಮನಸ್ಸಿನಲ್ಲಿಟ್ಟು ಕೂರಿ.

ಕ್ವೇಕರರು ಎಂಬ ಕ್ರೈಸ್ತ ಪಂಗಡದ ಸಾಂಪ್ರದಾಯಿಕ ಮೌನ ಸಭೆಯಲ್ಲಿ ಇದ್ಯಾವುದೂ ಇಲ್ಲ. ಸುಮಾರು ಒಂದು ಗಂಟೆ ಮೌನ, ಪ್ರೇರಣೆಯಾದವರು ಎದ್ದು ಎರಡು ಮಾತಾಡುತ್ತಾರೆ, ಕೊನೆಗೆ ಕೈಕುಲುಕಿ ಮುಗಿಸುತ್ತಾರೆ.

ಮನೆಗೆ ಬಂದ ಮೇಲೆ? ಚರ್ಚಿನ ಬಗ್ಗೆ ಬೇರೆಯವರು ಬರೆದದ್ದನ್ನು ಓದುವ ಮುಂಚೆ ನೀವೇ ಬರೆದಿಡಿ. ಇದಕ್ಕೆ ನಾನು ಮಾದರಿಯೆಂದು ನಂಬುವುದು ಎಜೀರಿಯಾ ಎಂಬ ಹೆಂಗಸನ್ನು. ರೋಮನ್ ಸಾಮ್ರಾಜ್ಯದ ಪಶ್ಚಿಮದಿಂದ ಹೊರಟು ಸುಮಾರು 381ರಿಂದ 384ರವರೆಗೆ ಪವಿತ್ರ ಸ್ಥಳಗಳನ್ನು ಸುತ್ತಿದ ಆಕೆ, ಜೆರುಸಲೇಮಿನ ಆರಾಧನೆಗಳನ್ನು ಊರಿನಲ್ಲಿದ್ದ ಸಹೋದರಿಯರಿಗೆ ಪತ್ರದಲ್ಲಿ ವಿವರಿಸಿದಳು. ಯಾವ ಹೊತ್ತಿಗೆ ಬಾಗಿಲು ತೆರೆಯಿತು, ಯಾರು ಎಲ್ಲಿ ನಿಂತರು, ಎಲ್ಲಿಂದ ಎಲ್ಲಿಗೆ ನಡೆದರು, ಎಲ್ಲವೂ ಅದರಲ್ಲಿದೆ. ಅಲ್ಲಿ ಕೂತಿದ್ದ ಗುರುಗಳಲ್ಲಿ ಇಷ್ಟವಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಬೋಧಿಸಿ, ಕೊನೆಗೆ ಬಿಷಪರು ಬೋಧಿಸುವುದರಿಂದ ಭಾನುವಾರ ಮುಗಿಯುವುದು ತಡವಾಗುತ್ತದೆ ಎಂದು ಬರೆಯುತ್ತಾಳೆ. ಬಿಷಪರು ಗ್ರೀಕಿನಲ್ಲೇ ಮಾತಾಡುತ್ತಾರೆ, ಗುರುವೊಬ್ಬರು ನಿಂತು ಸಿರಿಯಾಕಿಗೆ ತಿರುಗಿಸುತ್ತಾರೆ, ಲ್ಯಾಟಿನ್ ಮಾತ್ರ ಬಲ್ಲವರಿಗೂ ವಿವರಿಸುವವರಿದ್ದಾರೆ ಎಂಬುದನ್ನೂ ಬಿಡುವುದಿಲ್ಲ. ಆ ಬರಹದ ಹಸ್ತಪ್ರತಿ 1884ರಲ್ಲಿ ಇಟಲಿಯ ಅರೆಝ್ಝೋದಲ್ಲಿ ಸಿಕ್ಕಿತು, ಮೊದಲೂ ಕೊನೆಯೂ ಹರಿದುಹೋಗಿದ್ದವು. ಅಷ್ಟರಲ್ಲೇ ನಾಲ್ಕನೇ ಶತಮಾನದ ಆರಾಧನೆ ಕಣ್ಣಿಗೆ ಕಟ್ಟುತ್ತದೆ, ಯಾಕೆಂದರೆ ಆಕೆ ನಡೆದದ್ದನ್ನು ನಡೆದ ಹಾಗೆ ಬರೆದಳು.

ಹಾಗೆಯೇ ಬರೆಯಿರಿ. ಕಟ್ಟಡದ ನಡುಮಧ್ಯೆ ಕಣ್ಣಿಗೆ ಬಿದ್ದದ್ದು ಬಲಿಪೀಠವೋ, ಪ್ರಸಂಗಪೀಠವೋ, ವಾದ್ಯಗಳ ವೇದಿಕೆಯೋ? ದೀಕ್ಷಾಸ್ನಾನದ ತೊಟ್ಟಿ ಬಾಗಿಲ ಬಳಿಯಿತ್ತೇ? ಇದ್ದರೆ ಅದು ಸಭೆಯೊಳಗೆ ಕಾಲಿಡುವ ದಾರಿಯೇ ನೀರು ಎಂಬ ಮಾತು. ಜನರ ಬಾಯಿಗೆ ಎಷ್ಟು ಮಾತು ಸಿಕ್ಕಿತು? ಯಾರಿಗಾಗಿ ಹೆಸರು ಹಿಡಿದು ಪ್ರಾರ್ಥಿಸಿದರು? ಮೌನ ಎಷ್ಟು ಹೊತ್ತು? ಅನಿಸಿಕೆಗಳು ಇದರ ಕೆಳಗೆ ಬರಲಿ. ಅನಿಸಿಕೆಯನ್ನೇ ಮೊದಲು ಬರೆದರೆ ಅದಕ್ಕೆ ಹೊಂದುವ ವಿವರವಷ್ಟೇ ನೆನಪಿನಲ್ಲಿ ಉಳಿಯುತ್ತದೆ.

ಹೆಚ್ಚಿನವರು ಪ್ರಸಂಗವನ್ನಷ್ಟೇ ತೂಗಿ ಚರ್ಚಿನ ಬಗ್ಗೆ ತೀರ್ಪು ಕೊಡುತ್ತಾರೆ. ಕ್ರಮಬದ್ಧ ಆರಾಧನೆಯಲ್ಲಿ ಇದು ಸರಿಯಲ್ಲ. ಪ್ರಸಂಗ ಆ ವಾರದ್ದು, ಆ ಬೋಧಕರದ್ದು. ಸಭೆಯ ನಂಬಿಕೆ ಇರುವುದು ಪ್ರತಿವಾರ ಬದಲಾಗದೆ ಬರುವ ಪ್ರಾರ್ಥನೆಗಳಲ್ಲಿ. ಐದನೇ ಶತಮಾನದಲ್ಲಿ ಅಕ್ವಿಟೇನಿನ ಪ್ರಾಸ್ಪರ್ ಎಂಬ ಕ್ರೈಸ್ತ ಬರಹಗಾರ ಪ್ರಾರ್ಥನೆಯ ನಿಯಮವೇ ನಂಬಿಕೆಯ ನಿಯಮವನ್ನು ನೆಲೆಗೊಳಿಸಲಿ ಎಂದದ್ದು ಇದೇ ಅರ್ಥದಲ್ಲಿ. ಬರೆದ ಪ್ರಾರ್ಥನೆಯಿಲ್ಲದ ಸಭೆಗಳಲ್ಲಿ ಆ ಕೆಲಸ ಹಾಡುಗಳದ್ದು, ಅವುಗಳ ಸಾಲುಗಳನ್ನು ಗುರುತು ಹಾಕಿಕೊಳ್ಳಿ.

ಒಂದು ಭೇಟಿಯಲ್ಲಿ ಯಾವುದು ಬದಲಾಗುತ್ತದೆ, ಯಾವುದು ಉಳಿಯುತ್ತದೆ ಎಂದು ಗೊತ್ತಾಗದು. ಅದೇ ಹೊತ್ತಿನ ಆರಾಧನೆಗೆ ಒಟ್ಟು 3 ವಾರ ಹೋಗಿ. ಎರಡನೇ ವಾರ ಪುಸ್ತಕದ ತೊಡಕು ಇರದು. ಮೂರನೆಯ ವಾರ ಆರಾಧನೆ ಮುಗಿದ ಮೇಲೆ ಗುರುಗಳನ್ನೋ ಸಭಾಪಾಲಕರನ್ನೋ ಮಾತಾಡಿಸಿ. ಬಾಗಿಲಲ್ಲಿ ಜನ ಸಾಲುಗಟ್ಟಿ ನಿಂತಾಗ ಬೇಡ, ವಾರದ ನಡುವೆ ಅರ್ಧ ಗಂಟೆ ಕೇಳಿ ಪಡೆಯಿರಿ. “ನಿಮ್ಮ ಚರ್ಚ್ ಏನು ನಂಬುತ್ತದೆ” ಎಂದು ಕೇಳಿದರೆ ಸಿದ್ಧ ಉತ್ತರ ಬರುತ್ತದೆ. “ಸುವಾರ್ತೆ ಓದಿದ ಮೇಲೆ ಪುಸ್ತಕಕ್ಕೆ ಮುತ್ತಿಟ್ಟಿರಲ್ಲ, ಯಾಕೆ” ಎಂದು ಕೇಳಿ ನೋಡಿ.